ತಮ್ಮ ಕಂಬ ಹತ್ತಿದ್ದು

ಸುದ್ದಿಮನೆಯಲ್ಲಿ ಕೆಲಸ ಮಾಡಿದವಳು ಎಂಬ ಒಂದೇ ಕಾರಣಕ್ಕೆ ಹುಬ್ಬಳ್ಳಿಯ ಆ ಪ್ರಯೋಗಾಲಯ ನನ್ನನ್ನು ತೆಗೆದುಕೊಂಡಿತು. ಲೈನ್‌ಮನ್‌ಗಳ ತರಬೇತಿಗಾಗಿ ಅಲ್ಲಿ ವರ್ಚುವಲ್ ರಿಯಾಲಿಟಿ ವ್ಯವಸ್ಥೆಯೊಂದನ್ನು ಕಟ್ಟುತ್ತಿದ್ದರು. ಹೆಡ್‌ಸೆಟ್ ಹಾಕಿಕೊಂಡವನು ಏನು ಮಾಡಿದ, ಏನೆಂದ, ಎಲ್ಲಿ ತಡವರಿಸಿದ ಎಂಬುದನ್ನು ಮೂಲೆಯಲ್ಲಿ ಕುಳಿತು ಬರೆಯುವುದು ನನ್ನ ಕೆಲಸ. ನಾನು ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೆ ಕಲಿಸಿದ್ದು ಯಂತ್ರವೋ ನಾನೋ ಎಂಬುದು ತಿಳಿಯದೆ ಆ ಪ್ರಯೋಗ ರದ್ದಾಗುತ್ತಿತ್ತು.

ನನ್ನ ತಮ್ಮನೂ ಲೈನ್‌ಮನ್. ಧಾರವಾಡದ ಆಚೆ ವಿದ್ಯುತ್ ಕಂಪನಿಯ ಒಂದು ಸೆಕ್ಷನ್ನಿನಲ್ಲಿದ್ದ, ಇನ್ನೂ ಕಾಯಂ ಆಗಿರಲಿಲ್ಲ. ಆ ಮಳೆಗಾಲದಲ್ಲಿ ಅವನ ಜೊತೆಗಾರ ಕಂಬದ ಮೇಲೆಯೇ ತೀರಿಕೊಂಡ. ಲೈನ್ ಬಂದ್ ಮಾಡಿಸಿಯೇ ಹತ್ತಿದ್ದ. ಆದರೆ ಯಾವುದೋ ಅಂಗಡಿಯ ಜನರೇಟರಿನಿಂದ ವಿದ್ಯುತ್ ಹಿಮ್ಮುಖವಾಗಿ ತಂತಿಗೆ ಬಂದಿತ್ತು. ತಮ್ಮ ಕೆಳಗೆ ನಿಂತು ನೋಡಿದ. ಅಂದಿನಿಂದ ಕಂಬ ಹಿಡಿದರೂ ನೆಲದಿಂದ ಕಾಲು ಎತ್ತಲು ಅವನಿಗೆ ಆಗುತ್ತಿರಲಿಲ್ಲ. ತಿಂಗಳ ಕೊನೆಗೆ ಹತ್ತಿ ತೋರಿಸಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಮೇಲಧಿಕಾರಿ ಹೇಳಿದರು. ಮನೆಯಲ್ಲಿ ಹೆಂಡತಿ ಬಸುರಿ.

ಒಂದು ಮುಂಜಾನೆ ತಮ್ಮ ಕೆಲಗೇರಿಯ ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಅಕ್ಕಾ, ನಿಮ್ಮ ಆಫೀಸಿನ್ಯಾಗ ಹತ್ತಿದ್ರೂ ಸಾಯಲಾರದ ಕಂಬ ಐತಂತಲ್ಲ. ಅದನ್ನರ ಹತ್ತಸು. ನನಗ ಬ್ಯಾರೆ ದಾರಿ ಇಲ್ಲ.”

ತಂತ್ರಾಂಶ ಬರೆದ ಸಂಶೋಧಕ ಹಳೇ ಹುಬ್ಬಳ್ಳಿಯ ಮೆಕ್ಯಾನಿಕ್ ಮನೆತನದ ಹುಡುಗ. ನಾನು ಕೇಳಿದ ಕೂಡಲೇ ಒಪ್ಪಿದ. ಕೋಣೆಯ ನಡುವೆ ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ ಕಬ್ಬಿಣದ ತುಂಡು ಕಂಬವಿತ್ತು. ಹೆಡ್‌ಸೆಟ್ ಹಾಕಿದರೆ ಅದೇ ಮುಗಿಲಿಗೆ ಏರುತ್ತಿತ್ತು. ಮೊದಲ ದಿನ ತಮ್ಮ ಅದನ್ನು ತಬ್ಬಿಕೊಂಡು ಕುಸಿದು ಕೂತ. ಮರುದಿನ ಅರ್ಧ ಹತ್ತಿದ. ವಾರ ಕಳೆಯುವುದರೊಳಗೆ ತುದಿ ಮುಟ್ಟಿದ. ಅಲ್ಲಿ ಬಲಗೈ ಚಾಚಿ, ಅಂಗೈಯ ಹಿಂಬದಿಯನ್ನು ತಂತಿಗೆ ತಾಗಿಸಿದ. ಕಂಪ್ಯೂಟರಿನ ಪರದೆ ಕೆಂಪಾಯಿತು.

“ಅಣ್ಣಾರ, ಸತ್ರಿ ನೋಡ್ರಿ,” ಎಂದ ಸಂಶೋಧಕ.

“ಸತ್ನ್ಯಾ? ತಡೀರಿ, ಚಾ ಕುಡದು ಇನ್ನೊಮ್ಮೆ ಸಾಯ್ತೇನಿ.”

ಇಬ್ಬರೂ ನಕ್ಕರು. ತರಬೇತಿಗೆ ಬಂದವನು ನಕ್ಕ ಎಂದು ಬರೆದೆ.

ಆ ದೃಶ್ಯದಲ್ಲಿ ಕಂಬದ ಬುಡಕ್ಕೆ ನೆಲಕ್ಕೆ ತಂತಿ ಜೋಡಿಸಿದ ಒಂದು ಉದ್ದನೆಯ ರಾಡ್ ಒರಗಿಸಿಟ್ಟಿರುತ್ತಿತ್ತು. ಹತ್ತುವ ಮೊದಲು ಅದನ್ನು ತಂತಿಗೆ ಸಿಕ್ಕಿಸಬೇಕು. ಎಲ್ಲಿಂದಲಾದರೂ ವಿದ್ಯುತ್ ಬಂದರೆ ಅದು ನೆಲಕ್ಕಿಳಿಯುತ್ತದೆ. ಬಂದ ಲೈನ್‌ಮನ್‌ಗಳಲ್ಲಿ ಬಹುತೇಕರು ಅದರತ್ತ ನೋಡುತ್ತಲೇ ಇರಲಿಲ್ಲ. ನೇರ ಹತ್ತಿ, ಕರೆಂಟ್ ಇದೆಯೋ ಇಲ್ಲವೋ ನೋಡಲು ಹಿಂಗೈ ತಾಗಿಸುತ್ತಿದ್ದರು. ಅಂಗೈ ತಾಗಿದರೆ ಬೆರಳು ತಂತಿಯನ್ನು ಕಚ್ಚಿ ಹಿಡಿಯುತ್ತವೆ, ಹಿಂಗೈ ತಾಗಿದರೆ ಕೈ ಸಿಡಿದು ದೂರ ಸರಿಯುತ್ತದೆ ಎಂದು ಹಿರಿಯರು ಕಿರಿಯರಿಗೆ ಹೇಳಿಕೊಡುತ್ತ ಬಂದಿದ್ದಾರೆ. ತಮ್ಮನ ಜೊತೆಗಾರನೂ ಹಾಗೆಯೇ ತಾಗಿಸಿದ್ದ.

ದಿನವೂ ಬರೆಯುತ್ತಿದ್ದೆ. ಎಲ್ಲೂ ತಡವರಿಸಲಿಲ್ಲ. ರಾಡ್ ಮುಟ್ಟಲಿಲ್ಲ. ಎರಡು ವಾಕ್ಯಗಳನ್ನೂ ಬರೆದವಳು ನಾನೇ. ಅವುಗಳನ್ನು ಒಟ್ಟಿಗೆ ಓದಿದ್ದು ತಡವಾಗಿ. ಅವನ ಅಂಜಿಕೆ ಹೋಗುತ್ತಿತ್ತು, ರೂಢಿ ಹೋಗುತ್ತಿರಲಿಲ್ಲ. ಅಲ್ಲಿಯವರೆಗೆ ಅವನನ್ನು ನೆಲದ ಮೇಲೆ ಉಳಿಸಿದ್ದು ಆ ಅಂಜಿಕೆಯೇ.

ಮೇಲಧಿಕಾರಿಯ ಪರೀಕ್ಷೆಯ ಹಿಂದಿನ ದಿನ ಅವನು ಕಂಬಕ್ಕೆ ಕೈ ಹಾಕುತ್ತಿದ್ದಂತೆ ಬಾಯಿ ಬಿಟ್ಟೆ. “ರಾಡ್ ತಗೋ.”

ಸಂಶೋಧಕ ನನ್ನತ್ತ ತಿರುಗಿದ. ತಮ್ಮ ಹೆಡ್‌ಸೆಟ್ ತೆಗೆಯದೆಯೇ ಮಾತಾಡಿದ.

“ಅಕ್ಕಾ, ಇಲ್ಲಿ ರಾಡ್ ಐತಿ. ನಮ್ಮ ಸೆಕ್ಷನ್ನಿನ್ಯಾಗ ಇರೂದ ಒಂದು, ಅದು ಜೀಪಿನ್ಯಾಗ ಊರೂರು ತಿರಗತೈತಿ. ಕರೆಂಟ್ ಯಾವಾಗ ಬರತೈತಿ ಅಂತ ಮಂದಿ ಬೈಯಾಕತ್ತಿರತಾರ. ಜೀಪಿನ ಹಾದಿ ಕಾಯ್ಕೋತ ಕೂಡಾಕ ಆಗೂದಿಲ್ಲ.”

“ಹಂಗಾದ್ರ ಹತ್ತಬ್ಯಾಡ. ಕೆಲಸ ಬಿಟ್ಟುಬಿಡು.”

“ಬಿಟ್ಟು ಏನ ತಿನ್ನೂನು? ನೀನ ಹತ್ತಿಸಿದಿ, ಈಗ ನೀನ ಇಳಸಾಕತ್ತಿ.”

ಆ ದಿನದ ಪ್ರಯೋಗ ರದ್ದಾಯಿತು. ತಮ್ಮ ಹೋದ ಮೇಲೆ ಸಂಶೋಧಕನನ್ನು ಕೇಳಿದೆ: “ಅವಗ ಮತ್ತ ಅಂಜಿಕಿ ಬರೂಹಂಗ ಏನರ ಮಾಡಾಕ ಬರತೈತೇನಪಾ?”

ಅವನು ಕೀಬೋರ್ಡ್ ಬದಿಗೆ ಸರಿಸಿದ. “ಅಕ್ಕಾರ, ಅಂಜಿಕಿ ತಗಿಯೂದು ಅಷ್ಟ ಗೊತ್ತೈತ್ರಿ ಇದಕ್ಕ.”

ಪರೀಕ್ಷೆಗೆ ನಿಲ್ಲಿಸಿದ ಕಂಬದ ಮೇಲೆ ತಂತಿಯೇ ಇರಲಿಲ್ಲ. ತಮ್ಮ ಸರಸರ ಹತ್ತಿ ತುದಿಯಿಂದ ಕೈ ಬೀಸಿದ. ಅಧಿಕಾರಿ “ಛಲೋ ಆತು” ಎಂದರಂತೆ. ಅವನ ಹೆಂಡತಿ ಫೋನಿನಲ್ಲಿ ಖುಷಿಯಿಂದ ಅತ್ತಳು. ಊಟ ಮಾಡಿದಿಯಾ ಎಂದು ಕೇಳಿದೆ.

ನಂತರದ ವಾರ ಒಂದು ಮಧ್ಯಾಹ್ನ ಗಾಳಿ ಬೀಸಿ ನಮ್ಮ ಓಣಿಯಲ್ಲೂ ಕರೆಂಟ್ ಹೋಯಿತು. ತಮ್ಮನಿಗೆ ಫೋನ್ ಮಾಡಿದೆ.

“ಕಂಬದ ಬುಡಕ ಅದೇನಿ ಅಕ್ಕಾ. ಲೈನ್ ಬಂದ್ ಆಗೇತಿ.”

“ಜೀಪ್ ಬಂತೇನು?”

“ಬರಾಕತ್ತೈತಂತ.” ಹಿಂದಿನಿಂದ ಯಾರೋ ಲಗೂ ಏರಪಾ ಎಂದು ಕೂಗುತ್ತಿದ್ದರು. “ಇಡ್ತೇನಿ.”

ತಕ್ಷಣ ಮತ್ತೆ ಫೋನ್ ಹಚ್ಚಿದೆ. ರಿಂಗಾಗತೊಡಗಿತು. ಅವನು ಆಗಲೇ ಮೇಲೆ ಏರಿದ್ದರೆ, ಜೇಬಿನಲ್ಲಿ ಫೋನ್ ಬಡಿದುಕೊಂಡರೆ, ಬೆಚ್ಚಿ ಕೈ ಎಲ್ಲಿಗಾದರೂ ತಾಗಿದರೆ ಎನಿಸಿ ಕಟ್ ಮಾಡಿದೆ. ಇನ್ನು ಅವನಾಗಿಯೇ ಫೋನ್ ಮಾಡಬೇಕು. ಮಾಡುವ ತನಕ ನಾನು ಮಾಡುವಂತಿಲ್ಲ.