ಎರಡನೆಯ ಬ್ರೇಕ್

ನಮ್ಮ ದೊಡ್ಡಮ್ಮ ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು. ಉಳಿದರ್ಧ ಜನ ಕಲಿಯದೆಯೇ ಓಡಿಸುತ್ತಿದ್ದಾರೆ ಎಂಬುದು ಅವಳ ಅಭಿಪ್ರಾಯ. ಯಾರು ಎಷ್ಟೇ ನಯವಾಗಿ ಮಾತಾಡಲಿ, ಸ್ಟಿಯರಿಂಗ್ ಹಿಡಿದ ಕೂಡಲೇ ಬಣ್ಣ ಬಯಲಾಗುತ್ತದಂತೆ. “ಸುಮ್ಸುಮ್ನೆ ಹಾರನ್ ಹೊಡೀತಾರಲ್ಲ, ಅವರ ಮಾತನ್ನ ಮನೇಲಿ ಯಾರೂ ಕೇಳಲ್ಲ. ರಿವರ್ಸ್ ತಗೊಳ್ಳುವಾಗ ಮಾತ್ರ ಎಲ್ಲರೂ ಸಾಧುಗಳು ನೋಡು.” ನಾನೂ ಅವಳ ಬಳಿಯೇ ಕಲಿತವನು. ನನ್ನ ಬಗ್ಗೆ ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಅವಳ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕ್, ಪಕ್ಕದ ಸೀಟಿನಲ್ಲಿ ಅವಳ ಕಾಲಡಿ ಇನ್ನೊಂದು. ತುಳಿದೂ ತುಳಿದೂ ಆ ಕಾಲು ಈಗ ಯಾರ ಮಾತನ್ನೂ ಕೇಳುವುದಿಲ್ಲ. ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತದೆ. ಮನೆಯಲ್ಲೂ ಅಷ್ಟೆ. ಗಡಿಯಾರ ರಿಪೇರಿ ಮಾಡುವ ನಮ್ಮ ದೊಡ್ಡಪ್ಪ ಸಕ್ಕರೆ ಡಬ್ಬಿಗೆ ಕೈ ಹಾಕಲಿ, ಪಕ್ಕದ ಮನೆಯ ಜಗಳಕ್ಕೆ ಬಾಯಿ ಹಾಕಲಿ, ಅವಳು “ರೀ!” ಎಂದರೆ ಸಾಕು, ಗಕ್ಕನೆ ನಿಲ್ಲುತ್ತಾರೆ.

ಹೋದ ವರ್ಷ ಕಣ್ಣಿನ ಡಾಕ್ಟರು ಅವಳಿಗೆ ಇನ್ನು ಕಾರು ಓಡಿಸಬೇಡಿ ಎಂದುಬಿಟ್ಟರು. ಮನೆ ಊರಾಚೆ, ಬಸ್ಸು ಅಪರೂಪ. ದೊಡ್ಡಪ್ಪನಿಗೆ ಲೈಸೆನ್ಸ್ ಸಿಗದಿದ್ದರೆ ಅವಳು ಕಿಟಕಿಯ ಪಕ್ಕ ಕೂತೇ ಕಾಲ ಕಳೆಯಬೇಕು. ಊರೆಲ್ಲ ಸುತ್ತಿದ ಹೆಂಗಸಿಗೆ ಅದೊಂದು ಶಿಕ್ಷೆ. ಹಾಗಾಗಿ ನನಗೆ ಬಿಡುವಿದ್ದಾಗ ಖಾಲಿ ಮೈದಾನಕ್ಕೆ ಕಾರು ಒಯ್ಯುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಗಂಡನಿಗೆ ಕಲಿಸುತ್ತಿದ್ದಳು.

ಪರೀಕ್ಷೆಯ ದಿನ ನಾವಿಬ್ಬರೂ ಬೇಲಿಯಾಚೆ ನಿಂತಿದ್ದೆವು. ದೊಡ್ಡಪ್ಪ ತಿರುವುಗಳನ್ನೆಲ್ಲ ಸಲೀಸಾಗಿ ದಾಟಿದರು. ಕಾರು ನಿಲ್ಲಿಸಬೇಕಾದ ಗೆರೆ ಬಂತು, ಹೋಯಿತು. ಅದರಾಚೆಯ ಖಾಲಿ ಡ್ರಮ್ಮು ಉರುಳಿಬಿತ್ತು. ಕೊನೆಗೆ ಪಕ್ಕದಲ್ಲಿದ್ದ ಪರೀಕ್ಷಕರೇ ತಮ್ಮ ಕಾಲಡಿಯ ಬ್ರೇಕ್ ತುಳಿದರು.

“ಬ್ರೇಕ್ ಯಾಕ್ರೀ ಹಾಕಲಿಲ್ಲ?”

“ಇವಳು ಹಾಕ್ತಾಳೆ ಅಂದ್ಕೊಂಡೆ ಸರ್,” ಎಂದು ದೊಡ್ಡಪ್ಪ ಬೇಲಿಯತ್ತ ಬೆರಳು ತೋರಿಸಿದರು.

ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ದೊಡ್ಡಮ್ಮ ನಗಲಿಲ್ಲ. ಮನೆಗೆ ಮರಳುವಾಗ ಮೆಲ್ಲಗೆ ಕೇಳಿದಳು: “ಒಂದ್ಸಲಾನೂ ನೀವು ಹಾಕಿರಲೇ ಇಲ್ವಾ?”

“ನಾನು ಕಾಲು ಎತ್ತೋದ್ರೊಳಗೆ ಕಾರು ನಿಂತಿರ್ತಿತ್ತಲ್ಲೇ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನಾಟಿತೇನೋ. ನಾವು ತುಂಬ ಪ್ರೀತಿಸುವವರಿಗೆ ಏನನ್ನೂ ಮಾಡಲು ಬಿಡುವುದಿಲ್ಲ. ಆಮೇಲೆ ಅವರಿಗೆ ಏನೂ ಬರುವುದಿಲ್ಲ ಎಂದು ಕಂಡಕಂಡವರಲ್ಲಿ ಹೇಳಿಕೊಳ್ಳುತ್ತೇವೆ.

ಮರುದಿನ ಮೈದಾನದಲ್ಲಿ ದೊಡ್ಡಮ್ಮ ಹಿಂದಿನ ಬಾಗಿಲು ತೆಗೆದು ಕೂತಳು. ನನ್ನನ್ನು ಮುಂದೆ ತನ್ನ ಸೀಟಿನಲ್ಲಿ ಕೂರಿಸಿ, ಬ್ರೇಕಿಗೆ ತಾಗದಂತೆ ಕಾಲು ಮಡಚಿ ಸೀಟಿನ ಮೇಲಿಟ್ಟುಕೊಳ್ಳಲು ಅಪ್ಪಣೆ ಮಾಡಿದಳು. ದೊಡ್ಡಪ್ಪ ಕಾರನ್ನು ಎದುರಿನ ಗೋಡೆಯತ್ತ ಹೊರಡಿಸಿದರು. ಗೋಡೆ ಹತ್ತಿರವಾಗುತ್ತಿದ್ದಂತೆ ಹಿಂದಿನಿಂದ “ರೀ” ಎಂಬ ದನಿ ಅರ್ಧ ಬಂತು. ತಿರುಗಿ ನೋಡಿದರೆ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಕಾರು ನಿಂತಿತು. ಗೋಡೆಗೆ ಇನ್ನೂ ಸಾಕಷ್ಟು ಜಾಗವಿತ್ತು.

“ಜೀವ ಬಾಯಿಗೆ ಬಂದಿತ್ತು ಕಣ್ರೀ,” ಎಂದಳು ದೊಡ್ಡಮ್ಮ. ಅವಳ ಕಣ್ಣು ತುಂಬಿತ್ತು.

ದೊಡ್ಡಪ್ಪ ಗೇರು ಬದಲಿಸಿ ಕನ್ನಡಿಯಲ್ಲಿ ಅವಳನ್ನು ನೋಡಿದರು. “ಇಷ್ಟು ವರ್ಷ ಯಾರ್ಯಾರೋ ಹೊಸಬರ ಪಕ್ಕ ಕೂತು ದಿನಾ ಹೋಗ್ತಿದ್ಯಲ್ಲ, ನನಗೂ ಹೀಗೇ ಆಗ್ತಿತ್ತು. ಒಂದು ದಿನಾನಾದ್ರೂ ಬೇಡ ಅಂದಿದ್ನಾ?”