ಬೇವು ಕಟ್ಟಿದ ಬಾಗಿಲು

ಜ್ವರದ ಸಮೀಕ್ಷೆಗೆ ಬಂದಾತ ನಮ್ಮ ಪಕ್ಕದ ಮನೆಯ ಬಾಗಿಲಿಗೆ ಕಟ್ಟಿದ್ದ ಬೇವಿನ ಸೊಪ್ಪು ನೋಡಿ ಅಂಗಳದಲ್ಲೇ ನಿಂತುಬಿಟ್ಟ. ಒಳಗೆ ಆ ಮನೆಯ ಅಜ್ಜಿಯ ಮೂರು ವರ್ಷದ ಮೊಮ್ಮಗಳಿಗೆ ಮೈತುಂಬ ದಡಾರ ಎದ್ದಿತ್ತು.

“ಅಮ್ಮ ಬಂದ ಮನಿಯೊಳಗ ಹೊರಗಿನವರು ಕಾಲಿಡಬಾರದ್ರಿ” ಎಂದ.

ಬೇವು ಕಟ್ಟಿದ ಅಜ್ಜಿಯೇ ಹೊಸ್ತಿಲಿಗೆ ಬಂದಳು. “ನಾನೇ ಕರಿಯಾಕತ್ತೀನಿ, ಬಾ ಯಪ್ಪಾ. ಕೂಸಿನ ಮೈ ಕೆಂಡ ಆಗ್ಯಾದ.”

ಆತ ಚಪ್ಪಲಿಯನ್ನೂ ಬಿಡಲಿಲ್ಲ. ನನ್ನ ಕಣ್ಣೆದುರೇ ಮೊಬೈಲಿನಲ್ಲಿ ‘ಜ್ವರ ಇಲ್ಲ’ ಎಂದು ಒತ್ತಿ ಮುಂದಿನ ಮನೆಗೆ ನಡೆದ. ಕೇಳಿದರೆ, “ನೋಡಲಾರದ್ದು ಹೆಂಗ ಬರೀಲ್ರಿ?” ಎಂದು ನನಗೇ ತಿರುಗಿಬಿದ್ದ. ಅಜ್ಜಿಯನ್ನೂ ಕೂಸನ್ನೂ ಬೈಕಿನ ಮೇಲೆ ಕೂರಿಸಿಕೊಂಡು ನಾನೇ ದೇವದುರ್ಗದ ಆಸ್ಪತ್ರೆಗೆ ಹೋದೆ.

ಕೂಸು ಈಗ ಆಡಿಕೊಂಡಿದೆ. ಆದರೆ ದೇಶದಲ್ಲಿ ದಡಾರ ಇಳಿದಿದೆ ಎಂದು ಟಿವಿಯವರು ಹೇಳಿದಾಗಲೆಲ್ಲ ಮೈ ಉರಿಯುತ್ತದೆ. ಆ ಇಳಿಕೆಯಲ್ಲಿ ನಮ್ಮ ಓಣಿಯ ಕೂಸಿನದೂ ಒಂದು ಪಾಲಿದೆ.