ಹತ್ತನೆಯ ಸಹಿ

ಬೋರ್ಗಿಲ್ಡ್ ಒಳ್ಳೆಯವಳು ಎಂದು ಹೇಳುವವರು ಈಗ ನಮ್ಮೂರಿನಲ್ಲಿ ಹುಟ್ಟಿಕೊಂಡಿದ್ದಾರೆ. ಮುದುಕಿಯಾದಳು, ಕೈಗೆ ಕೋಲು ಬಂತು, ಅಷ್ಟಕ್ಕೇ ಒಳ್ಳೆಯವಳಾಗಿಬಿಟ್ಟಳು. ಹಾಗೆ ಹೇಳುವವರಲ್ಲಿ ಒಬ್ಬರೂ ಅವಳ ಕೈಕೆಳಗೆ ಕಲಿತವರಲ್ಲ. ನಾನು ಒಂದೂವರೆ ವರ್ಷ ಕಲಿತಿದ್ದೇನೆ. ನನ್ನನ್ನು ಕೇಳಿ.

ನಾರ್ವೆಯ ಉತ್ತರದ ತುದಿಯಲ್ಲಿ, ಹೆಸ್ಟ್‌ನೆಸ್ ಎಂಬ ಕಡಲೂರಿನ ವೃತ್ತಿಶಾಲೆ ನಮ್ಮದು. ವೆಲ್ಡಿಂಗ್ ತರಗತಿಯಲ್ಲಿ ಹತ್ತು ಮಂದಿ ಇದ್ದೆವು, ಹುಡುಗಿ ನಾನೊಬ್ಬಳೇ. ಕಬ್ಬಿಣದ ಕೆಲಸವನ್ನು ಬೇರೆಯವರು ಕಲಿಸುತ್ತಿದ್ದರು. ಕೆಲಸ ಕೇಳುವುದು ಹೇಗೆ, ಗುಂಪಿನಲ್ಲಿ ದುಡಿಯುವುದು ಹೇಗೆ, ಗುಂಪನ್ನು ನಡೆಸುವುದು ಹೇಗೆ, ಇದಕ್ಕೆ 'ಕೆಲಸದ ಬದುಕು' ಎಂದು ಒಂದು ಪಾಠ ಇತ್ತು. ಅದು ಬೋರ್ಗಿಲ್ಡ್‌ಳ ಪಾಲಿಗೆ ಬಂದಿತ್ತು. ನಮ್ಮ ಪಾಲಿಗೆ ಬೋರ್ಗಿಲ್ಡ್ ಬಂದಿದ್ದಳು.

ನಮ್ಮ ಮನೆಯಲ್ಲಿ ಅವಳ ಹೆಸರನ್ನು ಬರೀ ಹೆಸರಾಗಿ ಯಾರೂ ಹೇಳುತ್ತಿರಲಿಲ್ಲ. ಅದರ ಬೆನ್ನಿಗೊಂದು ಬೈಗುಳ ಇರಲೇಬೇಕಿತ್ತು. ಹಿಂದೆ ಊರಿನಲ್ಲಿ ಹಡಗು ಕಟ್ಟುವ ಕಾರ್ಖಾನೆ ಇದ್ದಾಗ ಅವಳೂ ನನ್ನ ಅಪ್ಪ ಓದ್ವಾರನೂ ಅಲ್ಲಿ ವೆಲ್ಡರುಗಳು. ಕೆಲಸಗಾರರೆಲ್ಲ ಸೇರಿ ಅವಳನ್ನೇ ತಮ್ಮ ಪ್ರತಿನಿಧಿಯಾಗಿ ಆರಿಸಿದ್ದರು. ಕಾರ್ಖಾನೆ ಬೇರೆ ಮಾಲೀಕನ ಕೈಗೆ ಹೋದಾಗ ಅವಳನ್ನೂ ಸೇರಿಸಿ ನಲವತ್ತೆರಡು ಜನರನ್ನು ಕೆಲಸದಿಂದ ತೆಗೆದರು. ಅವರೆಲ್ಲ ಸಹಿ ಮಾಡಿದ ತಕರಾರು ಒಂದು ಶುಕ್ರವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಕಾರ್ಖಾನೆಯ ಕಚೇರಿಗೆ ಮುಟ್ಟಿದ್ದರೆ, ಸಹಿ ಹಾಕಿದವರನ್ನು ಹೊಸ ಮಾಲೀಕ ಮೊದಲು ವಾಪಸ್ ತೆಗೆದುಕೊಳ್ಳಬೇಕಿತ್ತು. ಮನೆಮನೆಗೆ ಹೋಗಿ ಸಹಿ ಹಾಕಿಸಿದವಳು ಬೋರ್ಗಿಲ್ಡ್. ಕಾಗದ ಮುಟ್ಟಿದ್ದು ಎರಡೂಮುಕ್ಕಾಲಿಗೆ. ತಡ ಮಾಡಿದ್ದು ತಾನೇ ಎಂದಷ್ಟೇ ಎಲ್ಲರಿಗೂ ಹೇಳಿದಳಂತೆ. ಯಾಕೆ ಎಂದು ಹೇಳಲಿಲ್ಲ.

"ಮುಕ್ಕಾಲು ಗಂಟೆ!" ಎಂದು ಅಪ್ಪ ಊಟದ ಮೇಜಿಗೆ ಗುದ್ದುತ್ತಿದ್ದ. "ಮುಕ್ಕಾಲು ಗಂಟೇಲಿ ನಮ್ಮ ಅನ್ನಕ್ಕೆ ಮಣ್ಣು ಹಾಕಿದ್ಳು ಆ ಪಿಶಾಚಿ." ಆಮೇಲೆ ಅವನು ಹಡಗು ಮುಟ್ಟಲಿಲ್ಲ. ಕೆಲವು ವರ್ಷ ಮೀನು ಕೊಯ್ದ, ಆಮೇಲೆ ಅದನ್ನೂ ಬಿಟ್ಟ. ಕಾರ್ಖಾನೆಯ ಕೆಲಸ ಹೋದಾಗ ನಾನು ಆರು ವರ್ಷದವಳು. ಆ ಸಿಟ್ಟು ನನಗೆ ಹಾಲಿನ ಜೊತೆಗೇ ಸಿಕ್ಕಿತು.

ಕೆಲಸ ಹೋದ ಮೇಲೆ ಶಾಲೆಯಲ್ಲಿ ಕಲಿಸಲು ಸೇರಿದ್ದ ಅಂಥವಳ ಎದುರು ಹದಿನೇಳನೇ ವಯಸ್ಸಿನಲ್ಲಿ ಹೋಗಿ ಕೂತೆ. ನಮ್ಮಲ್ಲಿ ಮೇಷ್ಟರನ್ನೂ ಹೆಸರು ಹಿಡಿದೇ ಕರೆಯುವುದು, ನೀನು ಎಂದೇ ಮಾತು. ಹಾಗಾಗಿ ಜಗಳಕ್ಕೆ ಅಡ್ಡಿಯೇನೂ ಇರಲಿಲ್ಲ.

ಮೊದಲ ವಾರ ಕೆಲಸ ಕೇಳುವ ಪಾಠ. ಅವಳು ಮಾಲೀಕಳು, ನಾವು ಕೆಲಸಕ್ಕೆ ಬಂದವರು. ನಾನು ಬಾಗಿಲು ತೆರೆದು ಒಳಗೆ ಬಂದೆ.

"ಹೊರಗೆ ಹೋಗು," ಅಂದಳು. "ಕ್ಷಮಿಸಿ ಅನ್ನೋ ಹಾಗೆ ನಡೀತಿದೀಯ. ಏನು ಕದ್ದಿದೀಯ?"

ಮತ್ತೆ ಬಂದೆ.

"ಹೊರಗೆ. ಈಗ ನನ್ನನ್ನ ಹೊಡೆಯೋಕೆ ಬಂದ ಹಾಗಿದೆ."

"ಹೊಡೆಯೋಕೇ ಬಂದಿದ್ದು," ಅಂದೆ. ಹುಡುಗರು ನಕ್ಕರು. ಅವಳು ನಗಲಿಲ್ಲ. ಹನ್ನೊಂದು ಸಲ ಬಾಗಿಲು ದಾಟಿಸಿದಳು. ಹನ್ನೊಂದನೆಯ ಸಲ, "ಹ್ಞೂಂ, ಈಗ ಮನುಷ್ಯರ ಹಾಗೆ ಬಂದೆ," ಅಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದ್ದಿಲ್ಲ.

ವಾರಕ್ಕೊಬ್ಬರು ಗುಂಪಿನ ಮುಂದಾಳು. ಮುಂದಾಳು ಎಂದರೆ ಕಾಫಿ ಕೊನೆಗೆ ಕುಡಿಯಬೇಕು, ಕಸ ಕೊನೆಗೆ ಗುಡಿಸಬೇಕು, ಬೈಗುಳ ಮಾತ್ರ ಮೊದಲು ತಿನ್ನಬೇಕು. ನನ್ನ ವಾರದಲ್ಲಿ ತೋರ್‌ಫಿನ್ ಎಂಬ ಹುಡುಗ ಮಾಡಿದ ಬೆಸುಗೆ ಬಿರುಕು ಬಿಟ್ಟಿತು. ಅದು ಅವನದು ಎಂದು ಕೈ ತೋರಿಸಿದೆ.

"ಈ ವಾರ ಮುಂದಾಳು ಯಾರು?"

"ನಾನು."

"ಹಾಗಾದ್ರೆ ಬಿರುಕೂ ನಿಂದು. ಬೆರಳು ಮಡಚು."

ಇಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಅವಳದೊಂದು ಹಾಳು ನಿಯಮವಿತ್ತು: ಹತ್ತು ಜನರೂ ಬರುವ ತನಕ ಕಾರ್ಯಾಗಾರದ ಬಾಗಿಲು ತೆರೆಯುವುದಿಲ್ಲ. ಒಬ್ಬ ತಡವಾದರೆ ಉಳಿದ ಒಂಬತ್ತು ಮಂದಿ ಅಂಗಳದಲ್ಲಿ ನಿಲ್ಲಬೇಕು. "ಒಬ್ಬನನ್ನ ಬಿಟ್ಟು ಶುರು ಮಾಡೋದನ್ನ ಕಲಿತ್ರೆ, ಇಬ್ಬರನ್ನ ಬಿಡೋದು ಕಷ್ಟ ಆಗಲ್ಲ," ಅನ್ನುತ್ತಿದ್ದಳು. ತಡವಾಗುತ್ತಿದ್ದವನು ಯಾವಾಗಲೂ ಐಲೋ. ಬೆಟ್ಟಗಳ ನಡುವೆ ಕಡಲು ಒಳಚಾಚಿದ ಫ್ಯೋರ್ಡಿನ ಒಳತುದಿಯವನು, ಸಾಮಿ ಬುಡಕಟ್ಟಿನ ಹುಡುಗ. ಅವನ ಬಸ್ಸು ಎರಡು ಘಟ್ಟ ದಾಟಿ ಬರಬೇಕು.

ಎರಡನೆಯ ವರ್ಷದ ಜನವರಿಯ ಒಂದು ಬೆಳಿಗ್ಗೆ ಘಟ್ಟದಲ್ಲಿ ಹಿಮ ಕುಸಿದು ಬಸ್ಸು ನಿಂತಿತು. ಮೈನಸ್ ಹದಿನಾಲ್ಕು ಡಿಗ್ರಿ, ಕಡಲ ಕಡೆಯಿಂದ ಗಾಳಿ. ಅವಳೂ ನಮ್ಮ ಜೊತೆಗೇ ನಿಂತಿದ್ದಳು, ಅದನ್ನು ದೊಡ್ಡತನ ಎಂದುಕೊಳ್ಳಬೇಡಿ, ಅವಳ ಕೋಟು ದಪ್ಪಗಿತ್ತು. ತೋರ್‌ಫಿನ್‌ನ ಕೈಗವಸು ಒದ್ದೆಯಾಗಿತ್ತು. ಅವನು ಹೇಳಲಿಲ್ಲ, ಹೇಳಿದರೆ ಹುಡುಗರು ಆಡಿಕೊಳ್ಳುತ್ತಾರಲ್ಲ. ಮುಕ್ಕಾಲು ಗಂಟೆಯ ಮೇಲೆ ಐಲೋ ಓಡಿಬಂದ. ಬಾಗಿಲು ತೆರೆಯಿತು. ತೋರ್‌ಫಿನ್‌ನ ಬಲಗೈಯ ಎರಡು ಬೆರಳು ಮೇಣದ ಹಾಗೆ ಬೆಳ್ಳಗಾಗಿದ್ದವು. ವಾರ ಕಳೆಯುವಷ್ಟರಲ್ಲಿ ತುದಿ ಕಪ್ಪಾಯಿತು. ಇವತ್ತಿಗೂ ಆ ಬೆರಳುಗಳಿಗೆ ಬಿಸಿಯೂ ತಣುಪೂ ಗೊತ್ತಾಗುವುದಿಲ್ಲ. ವೆಲ್ಡರನಿಗೆ ಬಲಗೈ ಅದು.

ದೂರು ಕೊಡುವುದನ್ನು ನಮಗೆ ಕಲಿಸಿದವಳೂ ಅವಳೇ. "ಮೇಲಿನವರು ತಪ್ಪು ಮಾಡಿದ್ರೆ ಕಿರುಚಬೇಡಿ, ಬರೀರಿ. ಕಿರುಚಿದ್ದನ್ನ ಯಾರೂ ಕಪಾಟಿನಲ್ಲಿ ಇಡಲ್ಲ. ಯಾರ ಮೇಲೆ ದೂರೋ ಅವರ ಕೈಗೇ ಮೊದಲು ಒಂದು ಪ್ರತಿ ಕೊಡಿ, ಮುಖ ನೋಡಿ ಕೊಡಿ." ತರಗತಿಗೆ ಒಬ್ಬ ಪ್ರತಿನಿಧಿ ಬೇಕು ಎಂದು ಚುನಾವಣೆ ಮಾಡಿಸಿದ್ದಳು. ಗೆದ್ದವಳು ನಾನು, ಸಿನ್ನೆವೆ. ಅಪ್ಪನಿಗೆ ಆ ದಿನ ಆದ ಖುಷಿ ನಾನು ಹುಟ್ಟಿದಾಗಲೂ ಆಗಿತ್ತೋ ಇಲ್ಲವೋ. "ಬರಿ ಮಗಳೇ," ಅಂದ. "ಅವಳನ್ನ ಆ ಬಾಗಿಲಿನಿಂದಾಚೆ ಹಾಕು."

ಬರೆದೆ. ನಾನೂ ಸೇರಿ ಒಂಬತ್ತು ಜನ ಸಹಿ ಹಾಕಿದೆವು. ಐಲೋ ಮಾತ್ರ ಒಪ್ಪಲಿಲ್ಲ.

"ನಿಂಗೇನಾಗಿದೆ?" ಎಂದು ರೇಗಿದೆ. "ತೋರ್‌ಫಿನ್ ಬೆರಳು ನೋಡಿದೀಯ ತಾನೆ?"

"ನೋಡಿದೀನಿ. ರಾತ್ರಿ ನಿದ್ದೆ ಬರ್ತಿಲ್ಲ."

"ಮತ್ತೆ?"

"ಹಳೇ ಶಾಲೇಲಿ ನಾನು ಬರೋವಾಗ ಎಲ್ಲ ಮುಗಿದಿರ್ತಿತ್ತು ಸಿನ್ನೆವೆ. ನಂಗೋಸ್ಕರ ಯಾರೂ ಕಾದಿರ್ಲಿಲ್ಲ. ನಾನು ಹಾಕಲ್ಲ."

ದೂರು ಕೊಡಲು ಕೊನೆಯ ದಿನ ಶುಕ್ರವಾರ, ಮೂರು ಗಂಟೆಗೆ ಶಾಲಾ ಮಂಡಳಿಯ ಕಚೇರಿ ಮುಚ್ಚುತ್ತಿತ್ತು. ಆಮೇಲೆ ಕೊಟ್ಟರೆ ಶರತ್ಕಾಲದ ಸಭೆಗೆ ಹೋಗುತ್ತದೆ. ಅಷ್ಟರಲ್ಲಿ ನಾವೆಲ್ಲ ಶಾಲೆ ಬಿಟ್ಟಿರುತ್ತೇವೆ, ಅವಳು ಹೊಸ ಹತ್ತು ಮಂದಿಯನ್ನು ಅಂಗಳದಲ್ಲಿ ನಿಲ್ಲಿಸಿರುತ್ತಾಳೆ. ಎರಡು ಗಂಟೆಗೆ ಅವಳ ಕೋಣೆಗೆ ಹೋಗಿ, ಮುಖ ನೋಡಿ, ಪ್ರತಿ ಕೊಟ್ಟೆ. ಕಂದು ಚೀಸಿನ ಬ್ರೆಡ್ಡು ತಿನ್ನುತ್ತಿದ್ದವಳು ಅದನ್ನು ಬದಿಗಿಟ್ಟು ಕೈ ಒರೆಸಿಕೊಂಡಳು.

"ಕೂತ್ಕೋ ಅನ್ನಲ್ಲ. ನಿಂತಿರು."

ಓದಿದಳು. ಮೇಜಿನ ಖಾನೆಯಿಂದ ಕೆಂಪು ಪೆನ್ನು ತೆಗೆದಳು.

"'ಈ ರಾಕ್ಷಸಿ' ಅಂತ ಬರ್ದಿದೀಯ. ತೆಗಿ. ಬೈಗುಳ ಕಂಡ್ರೆ ಓದೋರು ನಿನ್ನನ್ನ ನೋಡ್ತಾರೆ, ನನ್ನನ್ನ ನೋಡಲ್ಲ. 'ಭಯಂಕರ ಚಳಿ' ಅಂದ್ರೆ ಎಷ್ಟು?"

"ಮೈನಸ್ ಹದಿನಾಲ್ಕು."

"ಅದನ್ನ ಬರಿ. ತಾರೀಖು ಎಲ್ಲಿ? ನಾನು ಎಷ್ಟು ಹೊತ್ತು ನಿಲ್ಲಿಸಿದೆ? ಡಾಕ್ಟರ ಚೀಟಿ ಎಲ್ಲಿ?"

"ತೋರ್‌ಫಿನ್ ಹತ್ರ ಇದೆ."

"ಅವನ ಜೇಬಲ್ಲಿದ್ರೆ ಯಾರು ಓದ್ತಾರೆ? ಇಸ್ಕೊಂಡು ಇದರ ಹಿಂದೆ ಸೇರಿಸು. ಇಲ್ದಿದ್ರೆ ಐದೇ ನಿಮಿಷದಲ್ಲಿ ಇದನ್ನ ಹರಿದು ಹಾಕಬಲ್ಲೆ ನಾನು."

ನನಗೆ ಮೈ ಉರಿಯಿತು. ಅವಳು ಹೆದರಬೇಕೆಂದು ಬಂದಿದ್ದೆ. "ಇದರಿಂದ ನಿನ್ನ ಕೆಲಸ ಹೋಗುತ್ತೆ. ಗೊತ್ತಾಯ್ತಾ ನಿಂಗೆ?"

"ನಂಗೆ ಓದೋಕೆ ಬರುತ್ತೆ, ಕತ್ತೆ. ಕೂತು ಸರಿಯಾಗಿ ಬರಿ."

ಅವಳ ಮೇಜಿನ ಮೇಲೇ, ಅವಳ ಕಾಗದದ ಮೇಲೇ ಮತ್ತೆ ಬರೆದೆ. ಓಡಿಹೋಗಿ ಡಾಕ್ಟರ ಚೀಟಿ ತಂದೆ, ಒಂಬತ್ತು ಸಹಿ ಹೊಸದಾಗಿ ಹಾಕಿಸಿದೆ. ವಾಪಸ್ ಬಂದಾಗ ಎರಡೂವರೆ ದಾಟಿತ್ತು. ಅವಳು ಸಹಿಗಳನ್ನು ಬೆರಳಿಟ್ಟು ಎಣಿಸಿದಳು.

"ಹತ್ತನೇದು?"

"ಐಲೋ. ಬಸ್ಸಿನ ಹತ್ರ ಹಿಡಿದು ಇನ್ನೊಂದ್ಸಲ ಕೇಳ್ತೀನಿ. ಹತ್ತೂ ಜನ ಒಟ್ಟಿಗೆ ಅಂತ ಬಡ್ಕೊಳ್ಳೋಳು ನೀನೇ ಅಲ್ವಾ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಒಂಬತ್ತು ಸಾಕು. ಕಾಯಬೇಡ. ನಾನು ಒಂದ್ಸಲ ಕಾದಿದ್ದೆ. ನಲವತ್ತೊಂದು ಸಹಿ ಕೈಯಲ್ಲಿತ್ತು. ಉಳಿದವನನ್ನ ಬಿಟ್ಟು ಹೋದ್ರೆ ಅವನೊಬ್ಬನೇ ಹೊರಗೆ ಉಳೀತಾನೆ ಅಂತ ಕಾದೆ."

"ಯಾರಿಗೆ?"

"ಮನೇಲಿ ಕೇಳು. ಈಗ ಓಡು."

ಓಡಿದೆ. ಮೂರಕ್ಕೆ ಆರು ನಿಮಿಷ ಇರುವಾಗ ದೂರಿನ ಮೇಲೆ ಕಚೇರಿಯ ಮುದ್ರೆ ಬಿತ್ತು.

ಮನೆಗೆ ಬಂದಾಗ ಅಪ್ಪ ಆಲೂಗಡ್ಡೆ ಸುಲಿಯುತ್ತಿದ್ದ. "ಕೊಟ್ಯಾ?" ಅಂದ. ಕೊಟ್ಟೆ ಅಂದೆ. ಚಾಕು ಹಿಡಿದ ಕೈಯಲ್ಲೇ ಮೇಜು ತಟ್ಟಿ, "ಹನ್ನೆರಡು ವರ್ಷ!" ಎಂದು ನಕ್ಕ.

"ಅಪ್ಪ, ಆ ಶುಕ್ರವಾರ ಅವಳು ಯಾರಿಗೋಸ್ಕರ ಕಾದಿದ್ಲು?"

ನಗು ನಿಂತಿತು. "ಅವಳು ಹೇಳಿದ್ಲಾ?"

"ಇಲ್ಲ. ಮನೇಲಿ ಕೇಳು ಅಂದ್ಲು."

ಅಪ್ಪ ಸುಲಿದ ಆಲೂಗಡ್ಡೆಯನ್ನೇ ಮತ್ತೆ ಸುಲಿದ. ಆಮೇಲೆ ಒಮ್ಮೆಲೇ ಕೂಗಾಡಿದ. "ನಾನು ದೋಣಿಮನೇಲಿದ್ದೆ. ಕುಡಿದಿದ್ದೆ. ಕೆಲಸ ಹೋದವನು ಇನ್ನೇನು ಮಾಡ್ತಾನೆ? ಅವಳು ಬಂದು ನನ್ನ ಸಹಿಗೆ ಕಾಯ್ತಾ ನಮ್ಮ ಮೆಟ್ಟಿಲ ಮೇಲೆ ಕೂತಿದ್ಲು. ಕೂತ್ಕೋ ಅಂತ ನಾನು ಹೇಳಿದ್ನಾ? ನನ್ನನ್ನ ಬಿಟ್ಟು ಹೋಗೋಕೆ ಏನಾಗಿತ್ತು ಅವಳಿಗೆ ದೊಡ್ಡ ರೋಗ?"

ಬೇಯಿಸಿದ ಕಾಡ್ ಮೀನು, ಆಲೂಗಡ್ಡೆ ಎದುರಿಗಿಟ್ಟುಕೊಂಡು ಇಬ್ಬರೂ ತಲೆ ಎತ್ತದೆ ಉಂಡೆವು.

ದೂರನ್ನು ಹಿಂತೆಗೆಯಲು ಬುಧವಾರದ ತನಕ ಸಮಯವಿತ್ತು. ನಾನು ಹಿಂತೆಗೆಯಲಿಲ್ಲ. ತೋರ್‌ಫಿನ್‌ನ ಬೆರಳು ಸುಳ್ಳಲ್ಲವಲ್ಲ. ಮಂಡಳಿಯವರು ಅವಳನ್ನು ಕರೆಸಿದರು, ಬರೆದಿರುವುದೆಲ್ಲ ನಿಜ ಅಂದಳಂತೆ. ಮಾರ್ಚಿನಲ್ಲಿ ಅವಳ ಕೋಣೆ ಖಾಲಿಯಾಯಿತು. ಮತ್ತೆ ಯಾವ ಶಾಲೆಯೂ ಅವಳನ್ನು ತೆಗೆದುಕೊಳ್ಳಲಿಲ್ಲ. ಸೀಗಡಿ ಸುಲಿಯುವ ಕಡೆ ಕೆಲಸಕ್ಕೆ ಹೋದಳು, ಮಂಡಿ ಸವೆದು ಕೋಲು ಹಿಡಿಯುವ ತನಕ ಅಲ್ಲೇ ಇದ್ದಳು.

ಈಗ ದೋಣಿ ರಿಪೇರಿಯ ಕಡೆ ಅರವತ್ತು ಜನರಿಗೆ ನಾನು ಪ್ರತಿನಿಧಿ. ಎರಡು ಸಲ ಅವರ ಕೆಲಸ ಉಳಿಸಿದ್ದೇನೆ. ಬೈಗುಳ ತೆಗೆದು, ತಾರೀಖು ಹಾಕಿ, ಬರದವರಿಗೆ ಕಾಯದೆ, ಹೊತ್ತಿಗೆ ಮುಂಚೆ ಮುಟ್ಟಿಸಿ. ಕಾಯದೆ ಹೋದದ್ದರಿಂದ ಇಬ್ಬರು ಹೊರಗುಳಿದರು. ಅವರ ಮಕ್ಕಳು ರಸ್ತೆಯಲ್ಲಿ ನನ್ನನ್ನು ಕಂಡರೆ ಉಗಿಯುತ್ತಾರೆ.

ಅಂಗಡಿಯಲ್ಲಿ ಬೋರ್ಗಿಲ್ಡ್ ಎದುರಾಗುತ್ತಾಳೆ. ಅವಳ ಚೀಲ ಹಿಡಿದು ಐಲೋ ಇರುತ್ತಾನೆ. ನಾವಿಬ್ಬರೂ ಮಾತಾಡುವುದಿಲ್ಲ. ಒಂದು ಸಲ ಮಾತ್ರ, "ನೇರ ನಡಿ, ಮತ್ತೆ ಏನೋ ಕದ್ದಿರೋ ಹಾಗಿದೆ," ಅಂದಳು. ಅವಳನ್ನು ನಾನು ಅವತ್ತಿಗಿಂತ ಹೆಚ್ಚು ಯಾವತ್ತೂ ದ್ವೇಷಿಸಿಲ್ಲ.

ಕಳೆದ ಚಳಿಗಾಲದಲ್ಲಿ ಅಪ್ಪ ಸತ್ತ. ಸಾಯುವ ತನಕ, ಕಾಫಿ ಕುಡಿಯಲು ಬಂದವರ ಎದುರೆಲ್ಲ, ಆ ಮುಕ್ಕಾಲು ಗಂಟೆಗಾಗಿ ಅವಳನ್ನು ಬೈದ. ನಾನು ಪಕ್ಕದಲ್ಲೇ ಕೂತು ಕೇಳಿದೆ. ಒಮ್ಮೆಯೂ ಬಾಯಿ ಮುಚ್ಚು ಎನ್ನಲಿಲ್ಲ. ಆ ನಲವತ್ತೆರಡನೆಯವನು ಯಾರು ಎಂದು ಊರಿಗೆ ಹೇಳುತ್ತಿರುವುದು ಇದೇ ಮೊದಲು. ತಡವಾಯಿತು, ಗೊತ್ತು. ಕಾಯುವುದು ಅವಳಿಗೇನೂ ಹೊಸದಲ್ಲ.